ಸಾಲಿ ನೋಡಾಕ ಹೋದಾಗ ಏನೇನು ನೋಡಬೇಕು?

ಡಿಸೆಂಬರ್ ಬಂತೆಂದರೆ ನಮ್ಮ ಜಮಖಂಡಿ ರಸ್ತೆಯಲ್ಲಿ ಎರಡು ಸಂಗತಿ ಕಣ್ಣಿಗೆ ಬೀಳುತ್ತವೆ. ಒಂದು, ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಇನ್ನೊಂದು, ಕಂಬಕ್ಕೊಂದರಂತೆ ಕಟ್ಟಿದ ‘ಪ್ರವೇಶ ಪ್ರಾರಂಭವಾಗಿದೆ’ ಬ್ಯಾನರು. ಆ ಬ್ಯಾನರಿನಲ್ಲಿ ಟೈ ಕಟ್ಟಿದ ಮಗು, ಸ್ಮಾರ್ಟ್ ಕ್ಲಾಸ್, ಕರಾಟೆ, ಅಬಾಕಸ್, ಸಿಸಿ ಕ್ಯಾಮೆರಾ ಎಲ್ಲ ಇರುತ್ತದೆ. ಒಂದನೇ ತರಗತಿಗೆ ಯಾರು ಕಲಿಸ್ತಾರೆ ಅನ್ನೋದು ಮಾತ್ರ ಇರೋದಿಲ್ಲ.

ನಮ್ಮ ಮಗಳು ಬರುವ ಜೂನ್‌ಗೆ ಒಂದನೇತ್ತಾ. ನಾನು ಚಿಕ್ಕಪಡಸಲಗಿಯ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ಸಾಫ್ಟ್‌ವೇರ್ ಇಂಜಿನಿಯರ್. ಹೋದ ಎರಡು ತಿಂಗಳಲ್ಲಿ ನಾವಿಬ್ಬರೂ ಸುತ್ತಮುತ್ತಲಿನ ಐದು ಶಾಲೆ ನೋಡಿ ಬಂದೆವು. ಸರ್ಕಾರಿ, ಅನುದಾನಿತ, ಖಾಸಗಿ ಮೂರೂ ಅದರಲ್ಲಿದ್ದವು. ಯಾವ ಶಾಲೆ ಅನ್ನೋದು ಇಲ್ಲಿ ಮುಖ್ಯವಲ್ಲ, ಹೆಸರೂ ಹೇಳಲ್ಲ. ಆದರೆ ನೋಡುವಾಗ ಏನನ್ನು ನೋಡಬೇಕು, ಏನು ಕೇಳಬೇಕು ಅನ್ನೋದನ್ನ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆ. ಈ ಸಲದ ಅಂಕಣಕ್ಕೆ ಅದನ್ನೇ ಬಿಡಿಸಿ ಬರೆದಿದ್ದೇನೆ.

ನಮ್ಮ ಕೆಲಸದಲ್ಲಿ ಗಿರಾಕಿಗೆ ಡೆಮೋ ತೋರಿಸುವ ದಿನ ಅಂತ ಇರುತ್ತೆ. ಅವತ್ತು ಎಲ್ಲ ಬಟನ್ನೂ ಕೆಲಸ ಮಾಡುತ್ತೆ. ಆ ಸಾಫ್ಟ್‌ವೇರಿನ ಖರೇ ಬಣ್ಣ ಗೊತ್ತಾಗೋದು ಸೋಮವಾರ ಬೆಳಿಗ್ಗೆ ಸಾವಿರಾರು ಜನ ಒಟ್ಟಿಗೆ ಬಳಸೋಕೆ ಶುರು ಮಾಡಿದಾಗ. ಶಾಲೆಯೂ ಹಾಗೇ. ಡೆಮೋ ದಿನ ಹೋಗಬೇಡಿ, ಸೋಮವಾರ ಹೋಗಿ. ಆಫೀಸ್ ಕೋಣೆಯಲ್ಲಿ ಕೂತು ಬರಬೇಡಿ, ಒಂದನೇ ತರಗತಿಯ ಬಾಗಿಲ ತನಕ ಹೋಗಿ. ಮುಂದೆ ಹೇಳುವುದೆಲ್ಲ ಈ ಎರಡು ಮಾತಿನ ವಿಸ್ತಾರ ಅಷ್ಟೇ.

ಯಾವಾಗ ಹೋಗಬೇಕು?

ನಮ್ಮಲ್ಲಿ ಹೆಚ್ಚಿನವರು ಶಾಲೆ ನೋಡೋದು ಏಪ್ರಿಲ್–ಮೇ ತಿಂಗಳಲ್ಲಿ. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ. ಅಂದರೆ ಮಕ್ಕಳಿಲ್ಲದ, ಪಾಠ ನಡೆಯದ ಖಾಲಿ ಕಟ್ಟಡ ನೋಡಿ ದುಡ್ಡು ಕಟ್ಟಿ ಬರುತ್ತೇವೆ. ಗೋಡೆಯ ಬಣ್ಣ ಕಾಣುತ್ತೆ, ಕಲಿಕೆ ಕಾಣಲ್ಲ.

ಇನ್ನು ಕೆಲವರು ಗ್ಯಾದರಿಂಗ್ ನೋಡಿ ತೀರ್ಮಾನ ಮಾಡ್ತಾರೆ. ‘ಏನ್ ಡ್ಯಾನ್ಸ್ ಮಾಡಿಸ್ಯಾರ್ರೀ!’ ಅಂತ. ಗ್ಯಾದರಿಂಗ್ ಚಂದವೇ, ಆದರೆ ಅದು ವರ್ಷಕ್ಕೊಂದು ದಿನ. ಉಳಿದ ದಿನಗಳ ಲೆಕ್ಕ ಬೇರೆ.

ಹಾಗಾಗಿ ನವೆಂಬರಿನಿಂದ ಫೆಬ್ರವರಿ ಒಳಗೆ, ಸೋಮವಾರದಿಂದ ಶುಕ್ರವಾರದ ಒಂದು ದಿನ ಹೋಗಿ. ಶನಿವಾರ ಬೆಳಗಿನ ಸಾಲಿ, ಬೇಗ ಬಿಡುತ್ತೆ, ಬೇಡ. ಮುಖ್ಯ ಗುರುಗಳಿಗೆ ಮೊದಲೇ ಫೋನ್ ಮಾಡಿ, ‘ಸರ್, ಮಗಳನ್ನ ಮುಂದಿನ ವರ್ಷ ಸಾಲಿಗೆ ಹಚ್ಚಬೇಕು, ಪಾಠ ನಡೆಯುವಾಗ ಒಮ್ಮೆ ನೋಡಬಹುದೇನ್ರೀ?’ ಅಂತ ಕೇಳಿ. ಪಾಠಕ್ಕೆ ಅಡ್ಡಿ ಮಾಡಬೇಡಿ, ಮಕ್ಕಳ ಫೋಟೋ ತೆಗೆಯಬೇಡಿ. ‘ತರಗತಿ ಕಡೆ ಬಿಡೋದಿಲ್ಲ, ಎಲ್ಲಾ ಇಲ್ಲೇ ಹೇಳ್ತೀವಿ’ ಅಂದರೆ ಮಕ್ಕಳ ಸುರಕ್ಷತೆಗಾಗಿ ಹಾಗೆ ಹೇಳಿರಬಹುದು. ಆಗ ‘ಯಾವ ದಿನ, ಯಾವ ಹೊತ್ತಿಗೆ ಬರಬಹುದು?’ ಅಂತ ಕೇಳಿ. ಯಾವ ದಿನವೂ ಆಗಲ್ಲ ಅಂದರೆ ಅದನ್ನೂ ಹಾಳೆಯಲ್ಲಿ ಬರೆದುಕೊಳ್ಳಿ.

ಬಾಗಿಲಲ್ಲಿ ಹತ್ತು ನಿಮಿಷ

ಒಂದನೇ ತರಗತಿಯ ಬಾಗಿಲಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಇಷ್ಟು ನೋಡಿ:

ಅಕ್ಕೋರು ಮಕ್ಕಳನ್ನ ಹೆಸರು ಹಿಡಿದು ಕರೀತಾರಾ, ‘ಏಯ್ ಹಿಂದಿನ ಬೆಂಚ್’ ಅಂತಾರಾ?

ಮಕ್ಕಳು ಬಾಯಿ ಬಿಡ್ತಾರಾ? ಎಲ್ಲರೂ ಒಟ್ಟಿಗೆ ರಾಗವಾಗಿ ಒಪ್ಪಿಸೋದನ್ನ ಲೆಕ್ಕಕ್ಕೆ ಹಿಡಿಯಬೇಡಿ. ಒಂದು ಮಗು ಎದ್ದು ತನ್ನ ಮಾತಿನಲ್ಲಿ ಏನಾದರೂ ಹೇಳುತ್ತಾ, ಕೇಳುತ್ತಾ ಅನ್ನೋದು ಮುಖ್ಯ.

ತಪ್ಪು ಹೇಳಿದ ಮಗುವಿಗೆ ಏನಾಗುತ್ತೆ? ಅಕ್ಕೋರು ಮತ್ತೆ ಹೇಳಿಕೊಡ್ತಾರಾ, ಉಳಿದವರು ನಗುತ್ತಾರಾ? ಮೇಜಿನ ಮೇಲೆ ಕೋಲಿದೆಯಾ? ನಮ್ಮ ಮನೆಯ ಹಿರಿಯರು ‘ನಾವು ಏಟು ತಿಂದೇ ಕಲಿತೀವಿ’ ಅಂತಾರೆ. ಆದರೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಮಗುವಿಗೆ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ಸ್ಪಷ್ಟವಾಗಿ ನಿಷೇಧಿಸಿದೆ. ಇದು ಸರ್ಕಾರಿ ಶಾಲೆಗೂ ಅನ್ವಯ, ಲಕ್ಷ ಫೀ ತಗೊಳ್ಳೋ ಶಾಲೆಗೂ ಅನ್ವಯ.

ಬಾಗಿಲಿನಿಂದ ಬಂದ ಮೇಲೆ ಎರಡನೇ ತರಗತಿಯ ಮೂರು ಮಕ್ಕಳ ನೋಟ್‌ಬುಕ್ ತೋರಿಸಿ ಅಂತ ವಿನಂತಿಸಿ. ಮೂರರಲ್ಲೂ ಅದೇ ವಾಕ್ಯ, ಅದೇ ಸಾಲು, ಒಂದೂ ತಪ್ಪಿಲ್ಲ ಅಂದರೆ ಬಹುಶಃ ಬೋರ್ಡ್ ನೋಡಿ ಬರೆದದ್ದು. ಒಂದರಲ್ಲಿ ಒತ್ತಕ್ಷರ ತಪ್ಪಿದೆ, ಅಕ್ಕೋರು ಪಕ್ಕದಲ್ಲಿ ತಿದ್ದಿದ್ದಾರೆ, ಮಗು ಮತ್ತೆ ಬರೆದಿದೆ ಅಂದರೆ ಅಲ್ಲಿ ಕಲಿಕೆ ನಡೀತಿದೆ.

ಹಾಗೇ ಒಂದು ಪ್ರಶ್ನೆ ಮರೀಬೇಡಿ. ‘ಹೋದ ವರ್ಷ ಒಂದನೇತ್ತಾ ಕಲಿಸಿದ ಅಕ್ಕೋರು ಈ ವರ್ಷಾನೂ ಅದಾರೇನ್ರೀ?’ ಖಾಸಗಿ ಶಾಲೆಯಲ್ಲಿ ಕಡಿಮೆ ಪಗಾರಕ್ಕೆ ಬಂದವರು ವರ್ಷದ ನಡುವೆ ಬಿಟ್ಟು ಹೋಗಬಹುದು. ಸರ್ಕಾರಿ ಶಾಲೆಯಲ್ಲಿ ವರ್ಗಾವಣೆ ಆಗಿ ಅತಿಥಿ ಶಿಕ್ಷಕರು ಬರುವ ತನಕ ತರಗತಿ ಖಾಲಿ ಇರಬಹುದು. ಎರಡೂ ಕಡೆ ಕಷ್ಟ ಅನುಭವಿಸುವುದು ಅದೇ ಆರು ವರ್ಷದ ಮಗು.

ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಯವರೆಗೆ ಒಟ್ಟು 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಗಮನಿಸಿ, ಇಬ್ಬರು ಶಿಕ್ಷಕರು ಐದು ತರಗತಿ ನೋಡಿಕೊಳ್ಳೋದು ನಿಯಮದ ಒಳಗೇ ಇದೆ. ಆದ್ದರಿಂದ ಸಣ್ಣ ಶಾಲೆಯಲ್ಲಿ ‘ಎಷ್ಟು ಜನ ಶಿಕ್ಷಕರಿದ್ದೀರಿ’ ಅಂತಷ್ಟೇ ಕೇಳದೆ, ‘ಒಂದನೇತ್ತಾ ಮಕ್ಕಳ ಜೋಡಿ ದಿನಕ್ಕೆ ಎಷ್ಟು ಹೊತ್ತು ಯಾರು ಇರ್ತಾರ?’ ಅಂತ ಕೇಳಿ.

ನಲಿಕಲಿ ಕೋಣೆ ನೋಡಿ ಗಾಬರಿಯಾಗಬೇಡಿ

ಸರ್ಕಾರಿ ಕನ್ನಡ ಶಾಲೆಗೆ ಹೋದ ಬಹಳ ಪಾಲಕರು ಒಂದು ವಿಷಯಕ್ಕೆ ಬೇಸರ ಮಾಡ್ಕೊಂಡು ಬರ್ತಾರೆ. ‘ಒಂದನೇತ್ತಾ, ಎರಡನೇತ್ತಾ, ಮೂರನೇತ್ತಾ ಎಲ್ಲಾ ಒಂದ ಕ್ವಾಣ್ಯಾಗ ಕೂಡ್ಸ್ಯಾರ್ರೀ, ನೆಲದ ಮ್ಯಾಲೆ!’ ಅದು ನಲಿಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನೊಂದಿಗೆ ಶುರುವಾಗಿ, 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹಬ್ಬಿದ ಪದ್ಧತಿ. ಮಕ್ಕಳು ಗುಂಪುಗಳಲ್ಲಿ ಕೂರುತ್ತಾರೆ, ಕಾರ್ಡುಗಳಿಂದ ಕಲಿಯುತ್ತಾರೆ. ಕೆಲವರು ಅಕ್ಕೋರ ಹತ್ತಿರ, ಕೆಲವರು ಒಬ್ಬರಿಗೊಬ್ಬರು ಹೇಳಿಕೊಡುತ್ತಾ, ಕೆಲವರು ತಾವೇ. ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತೆ.

ಹಾಗಾದರೆ ಒಳ್ಳೆಯ ನಲಿಕಲಿ ಕೋಣೆ ಯಾವುದು, ಸುಮ್ಮನೆ ಗದ್ದಲದ ಕೋಣೆ ಯಾವುದು? ಅಕ್ಕೋರನ್ನ ಕೇಳಿ: ‘ಈ ಹುಡುಗ ಈಗ ಎಷ್ಟನೇ ಮೆಟ್ಟಿಲಲ್ಲಿ ಅದಾನ್ರೀ? ಹೋದ ತಿಂಗಳು ಎಲ್ಲಿದ್ದ?’ ಥಟ್ಟನೆ ತೋರಿಸಿದರೆ ಪದ್ಧತಿ ಜೀವಂತ ಇದೆ. ಕಾರ್ಡುಗಳು ಮಕ್ಕಳ ಕೈ ತಾಗಿ ಸವೆದಿದ್ದರೆ ಇನ್ನೂ ಒಳ್ಳೆಯದು. ಪೆಟ್ಟಿಗೆಯಲ್ಲಿ ಹೊಸದಾಗೇ ಉಳಿದಿದ್ದರೆ ಪದ್ಧತಿ ಹೆಸರಿಗಷ್ಟೇ ಇದೆ ಅಂತ ಅರ್ಥ.

ಇಂಗ್ಲಿಷ್ ಬೇಕು, ಖರೇ. ಆದರೆ ಹೇಗೆ?

ಇದು ಎಲ್ಲ ಮನೆಯಲ್ಲೂ ಜಗಳ ಆಗುವ ವಿಷಯ. ನನ್ನ ಹೊಟ್ಟೆ ತುಂಬಿಸೋದೇ ಇಂಗ್ಲಿಷ್ ಬಲ್ಲ ಕೆಲಸ, ಹಾಗಾಗಿ ಇಂಗ್ಲಿಷ್ ಬೇಡ ಅಂತ ಯಾರಿಗೂ ಉಪದೇಶ ಮಾಡಲ್ಲ. ಮಾಧ್ಯಮ ಆರಿಸುವ ಹಕ್ಕು ಪಾಲಕರದು ಅಂತ 2014ರ ಮೇ 6ರಂದು ಸುಪ್ರೀಂ ಕೋರ್ಟೇ ಹೇಳಿದೆ. 2019-20ರಿಂದ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮ ವಿಭಾಗ ಶುರುವಾದವು.

ಆದರೆ ಶಾಲೆ ನೋಡುವಾಗ ಒಂದು ಸಣ್ಣ ಪರೀಕ್ಷೆ ಮಾಡಿ. ಎರಡನೇ ತರಗತಿಯ ಮಗು ಇಂಗ್ಲಿಷ್ ಪಾಠ ಗಡಗಡ ಓದಿದರೆ ಶಹಬ್ಬಾಸ್ ಅನ್ನಿ. ಆಮೇಲೆ, ‘ಈ ಸಾಲು ಅಂದ್ರ ಏನವಾ?’ ಅಂತ ಕನ್ನಡದಲ್ಲೇ ಕೇಳಿ. ಹೇಳಿದರೆ ಆ ಶಾಲೆ ಇಂಗ್ಲಿಷ್ ಕಲಿಸ್ತಿದೆ. ಅಕ್ಕೋರ ಮುಖ ನೋಡಿ ಸುಮ್ಮನೆ ನಿಂತರೆ ಉಚ್ಚಾರ ಕಲಿಸ್ತಿದೆ. ಗಣಿತಕ್ಕೂ ಇದೇ ಮಾತು. ಕೂಡಿಸೋದು ಗೊತ್ತಿದ್ದೂ ಪ್ರಶ್ನೆಯ ಭಾಷೆ ತಿಳಿಯದೆ ತಪ್ಪು ಮಾಡುವ ಮಗುವನ್ನ ‘ಲೆಕ್ಕದಾಗ ದಡ್ಡ’ ಅಂತ ಕರೆದುಬಿಡ್ತೀವಿ. ಅದು ಅನ್ಯಾಯ.

ಜೊತೆಗೆ, ‘ಮನೆಯಲ್ಲಿ ಇಂಗ್ಲಿಷ್ ಬಾರದ ಮಗುವಿಗೆ ಮೊದಲ ಆರು ತಿಂಗಳು ಹೇಗೆ ಹೇಳಿಕೊಡ್ತೀರಿ?’ ಅಂತಲೂ ಕೇಳಿ. ‘ಕನ್ನಡ ಮಾತಾಡಿದ್ರೆ ದಂಡ ಹಾಕ್ತೀವಿ, ತಾನೇ ಬರುತ್ತೆ’ ಅನ್ನೋದು ಉತ್ತರ ಅಲ್ಲ. ಯಾವ ಮಾಧ್ಯಮವೇ ಇರಲಿ, 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ಕನ್ನಡವನ್ನ ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಲೇಬೇಕು. ವಾರಕ್ಕೆ ಎಷ್ಟು ಪಿರಿಯಡ್, ಯಾರು ತಗೋತಾರೆ ಅಂತ ವೇಳಾಪಟ್ಟಿ ನೋಡಿ.

ನೀರು, ಸಂಡಾಸ, ಊಟ

ಇದನ್ನ ಕೇಳೋಕೆ ನಾಚಿಕೆ ಬೇಡ. ಮಕ್ಕಳ ಸಂಡಾಸ ನೋಡಲೇಬೇಕು, ಆಫೀಸಿನ ಪಕ್ಕದ್ದಲ್ಲ. ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ ಇರಬೇಕು ಅನ್ನೋದು ಕಾಯ್ದೆಯ ಮಾತು. ಆದರೆ ಬಾಗಿಲಿಗೆ ಚಿಲಕ ಇದೆಯಾ, ಅದು ಆರು ವರ್ಷದ ಮಗುವಿನ ಕೈಗೆ ಸಿಗುತ್ತಾ, ನಲ್ಲಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೂ ನೀರು ಬರುತ್ತಾ ಅನ್ನೋದು ನಾವೇ ನೋಡಬೇಕು. ಸಂಡಾಸ ಗಲೀಜು ಅಂತ ದಿನವಿಡೀ ನೀರು ಕುಡಿಯದೆ ಮನೆಗೆ ಬರುವ ಹುಡುಗಿಯರಿದ್ದಾರೆ. ಮಗಳ ನೀರಿನ ಬಾಟಲಿ ತುಂಬಿದ್ದು ತುಂಬಿದಂಗೆ ವಾಪಸ್ ಬಂದರೆ ಕಾರಣ ಅಲ್ಲೇ ಇರಬಹುದು.

ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಹೋದರೆ ಅಕ್ಷರ ದಾಸೋಹದ ಊಟದ ಹೊತ್ತಿಗೆ ಇರಿ. ಕೈ ತೊಳೆಸ್ತಾರಾ, ಎಲ್ಲರೂ ಒಟ್ಟಿಗೆ ಸಾಲಾಗಿ ಕೂರ್ತಾರಾ, ಅಡುಗೆಯವರು ಮಕ್ಕಳ ಜೊತೆ ಹೇಗೆ ಮಾತಾಡ್ತಾರೆ ನೋಡಿ. ಸಾಧ್ಯವಾದರೆ ಒಂದು ತುತ್ತು ಉಂಡು ನೋಡಿ. 2013ರಿಂದ ಕ್ಷೀರಭಾಗ್ಯದ ಹಾಲೂ ಇದೆ. ಊಟ ಕೊಡದ ಖಾಸಗಿ ಶಾಲೆಯಾದರೆ, ಸಣ್ಣ ಮಕ್ಕಳ ಬುತ್ತಿ ಬಿಚ್ಚಿಕೊಡೋಕೆ ಯಾರಿದ್ದಾರೆ, ಉಣ್ಣೋಕೆ ಎಷ್ಟು ಹೊತ್ತು ಕೊಡ್ತಾರೆ ಕೇಳಿ.

ನಡೆಯಲು ಕಷ್ಟ ಇರುವ, ಕಿವಿ ಮಂದ ಇರುವ, ಮಾತು ತಡವಾದ ಮಗು ನಿಮ್ಮದಾದರೆ ಮೊದಲ ದಿನವೇ ಬಾಯಿಬಿಟ್ಟು ಹೇಳಿ. ಇಳಿಜಾರು ದಾರಿ ಇದೆಯಾ, ಒಂದನೇ ತರಗತಿ ನೆಲಮಹಡಿಯಲ್ಲಿದೆಯಾ ನೋಡಿ. ‘ಇಂಥ ಮಕ್ಕಳು ನಮ್ಮಲ್ಲಿ ಬ್ಯಾಡ್ರೀ’ ಅನ್ನುವ ಅಧಿಕಾರ ಶಾಲೆಗಿಲ್ಲ.

ದಾರಿಯೂ ಶಾಲೆಯ ಭಾಗವೇ

ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆಯ ರಸ್ತೆ ಹೇಗಿರುತ್ತೆ ಅಂತ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಕಡೆಯವರಿಗೆ ಹೇಳಬೇಕಿಲ್ಲ. ಎರಡೆರಡು ಟ್ರೇಲರ್ ಹಚ್ಚಿದ ಟ್ರ್ಯಾಕ್ಟರು, ಹಿಂದೆ ದೀಪ ಇರಲ್ಲ. ಚಳಿಗಾಲದ ಮಂಜಿನಲ್ಲಿ ಅದರ ಬೆನ್ನಿಗೇ ಮಕ್ಕಳನ್ನ ತುಂಬಿದ ಟಂಟಂ. ನದಿ ದಂಡೆಯ ಊರಿನವರಿಗೆ ಮಳೆಗಾಲದ ಚಿಂತೆ ಬೇರೆ. 2019ರ ಆಗಸ್ಟಿನಲ್ಲಿ ಕೃಷ್ಣಾ ಉಕ್ಕಿದ್ದು ಯಾರೂ ಮರೆತಿಲ್ಲ. ನೀರು ಬಂದಾಗ ಮಕ್ಕಳನ್ನ ಎಷ್ಟು ಹೊತ್ತಿಗೆ ಬಿಡ್ತೀರಿ, ಪಾಲಕರಿಗೆ ಹೇಗೆ ತಿಳಿಸ್ತೀರಿ, ವ್ಯಾನ್ ಬಾರದಿದ್ದರೆ ಮಕ್ಕಳ ಜೊತೆ ಯಾರು ಇರ್ತಾರೆ ಅಂತ ಕೇಳಿ.

ವ್ಯಾನ್ ಇದ್ದರೆ ಬೆಳಿಗ್ಗೆ ಅದು ಊರಿಗೆ ಬರುವ ಹೊತ್ತಿಗೆ ನಿಂತು ನೋಡಿ. ಎಷ್ಟು ಸೀಟು, ಎಷ್ಟು ಮಕ್ಕಳು? ಜೊತೆಗೊಬ್ಬ ಸಹಾಯಕಿ ಇದ್ದಾಳಾ? ಬೆಂಕಿ ಆರಿಸುವ ಸಿಲಿಂಡರ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ? ಚಾಲಕ ಮೊಬೈಲ್ ಹಿಡಿದಿದ್ದಾನಾ?

ಒಂದು ಲೆಕ್ಕವನ್ನೂ ಮಾಡಿ. ಹೋಗೋಕೆ ಮುಕ್ಕಾಲು ಗಂಟೆ, ಬರೋಕೆ ಮುಕ್ಕಾಲು ಗಂಟೆ ಅಂದರೆ ದಿನಕ್ಕೆ ಒಂದೂವರೆ ತಾಸು. ವರ್ಷಕ್ಕೆ 200 ದಿನ ಹಿಡಿದರೆ 300 ತಾಸು. 1ರಿಂದ 5ನೇ ತರಗತಿಗೆ ಕಾಯ್ದೆ ಹೇಳುವ ಪಾಠದ ಹೊತ್ತು ವರ್ಷಕ್ಕೆ ಕನಿಷ್ಠ 800 ತಾಸು. ಅದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ನಮ್ಮ ಆರು ವರ್ಷದ ಮಗು ಗಾಡಿಯಲ್ಲೇ ಕಳೆಯುತ್ತೆ. ದೂರದ ಶಾಲೆ ಅಷ್ಟು ಹೆಚ್ಚು ಒಳ್ಳೆಯದಿದ್ದರೆ ಸರಿ. ಬರೀ ಬ್ಯಾನರ್ ದೊಡ್ಡದಿದ್ದರೆ ಆ 300 ತಾಸು ಆಟಕ್ಕೆ, ನಿದ್ದೆಗೆ, ಅಜ್ಜಿಯ ಕತೆಗೆ ಸಿಕ್ಕುತ್ತಿತ್ತಲ್ವಾ?

ಕಾಗದ ಮತ್ತು ದುಡ್ಡು

ವಯಸ್ಸಿನ ವಿಷಯ ಮೊದಲು. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಮಗುವಿಗೆ 6 ವರ್ಷ ತುಂಬಿರಬೇಕು ಅನ್ನೋದು ರಾಜ್ಯದ ನಿಯಮ. 2025-26ರಲ್ಲಿ ಒಂದು ಸಲಕ್ಕೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ಅದನ್ನ ನಂಬಿ ಅವಸರ ಮಾಡಬೇಡಿ.

ಖಾಸಗಿ ಶಾಲೆಯಾದರೆ ಮಾನ್ಯತೆ ಪತ್ರ ನೋಡಿ. ಯಾವ ತರಗತಿವರೆಗೆ, ಯಾವ ಮಾಧ್ಯಮಕ್ಕೆ, ಯಾವ ವರ್ಷದ ತನಕ? ಕನ್ನಡ ಮಾಧ್ಯಮದ ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ಮಾಡುವ ತಕರಾರು ನಮ್ಮ ರಾಜ್ಯದಲ್ಲಿ ಹಳೆಯದು. ಬ್ಯಾನರಿನಲ್ಲಿ ‘ಸಿಬಿಎಸ್ಇ ಪ್ಯಾಟರ್ನ್’ ಅಂತಿದ್ದರೆ ಅದು ಸಿಬಿಎಸ್ಇ ಶಾಲೆ ಅಂತ ಆಗಲ್ಲ, ಸಂಯೋಜನೆಯ ಸಂಖ್ಯೆ ಕೇಳಿ. ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ ಇರುತ್ತೆ. ಅದನ್ನ ಹಿಡಿದು ಯುಡೈಸ್ ತಾಣದಲ್ಲಿ ಹುಡುಕಿದರೆ ಶಾಲೆಯ ವಿವರ ಸಿಗುತ್ತೆ. ಸಂಶಯ ಇದ್ದರೆ ತಾಲೂಕಿನ ಬಿಇಒ ಕಚೇರಿಯಲ್ಲಿ ವಿಚಾರಿಸಿ.

‘ಆರ್‌ಟಿಇ ಸೀಟು ಸಿಗುತ್ತೇನ್ರೀ?’ ಅಂತ ಈಗಲೂ ಬಹಳ ಜನ ಕೇಳ್ತಾರೆ. 2019ರಿಂದ ನಿಯಮ ಬದಲಾಗಿದೆ. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗೋದಿಲ್ಲ. ಯಾರಾದರೂ ಕೊಡಿಸ್ತೀನಿ ಅಂತ ದುಡ್ಡು ಕೇಳಿದರೆ ಕೊಡಬೇಡಿ.

ಫೀ ಕೇಳುವಾಗ ಒಂದೇ ಅಂಕಿ ಕೇಳಬೇಡಿ. ವ್ಯಾನ್, ಪುಸ್ತಕ, ಎರಡು ಜೊತೆ ಸಮವಸ್ತ್ರ, ಬೂಟು, ಗ್ಯಾದರಿಂಗ್ ವೇಷ, ಪ್ರವಾಸ ಎಲ್ಲ ಕೂಡಿಸಿ ಬರೆದು ಕೊಡಿ ಅನ್ನಿ. ವ್ಯಾನಿಗೆ ತಿಂಗಳಿಗೆ 1,000 ಅಂದರೆ ಸಣ್ಣದು ಅನಿಸುತ್ತೆ, ಹತ್ತು ತಿಂಗಳಿಗೆ 10,000 ಆಯ್ತು. ಕಬ್ಬಿನ ಬಿಲ್ ಯಾವಾಗ ಬರುತ್ತೋ ಕಾರ್ಖಾನೆಗೇ ಗೊತ್ತು, ಫೀ ಕಂತು ಮಾತ್ರ ಜೂನ್‌ಗೆ ಬರುತ್ತೆ. ಬನಹಟ್ಟಿಯ ಮಗ್ಗದ ಮನೆಗಳಲ್ಲೂ ಮಂದಿ ಇದ್ದಾಗ, ಮಂದಿ ಇಲ್ಲದಾಗ ಗಳಿಕೆ ಒಂದೇ ಇರಲ್ಲ. ಕಂತು ತಡವಾದರೆ ಮಗುವನ್ನ ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸ್ತಾರಾ, ಪಾಲಕರಿಗೆ ಫೋನ್ ಮಾಡ್ತಾರಾ ಅನ್ನೋದನ್ನ ಅಲ್ಲಿ ಓದುವ ಮಕ್ಕಳ ಪಾಲಕರಲ್ಲಿ ಕೇಳಿ.

ಐದು ವರ್ಷದ ಮಗುವಿಗೆ ಇಂಟರ್‌ವ್ಯೂ

ನಾವು ನೋಡಿದ ಒಂದು ಶಾಲೆಯಲ್ಲಿ ನಮ್ಮ ಮಗಳನ್ನ ಕುರ್ಚಿ ಮೇಲೆ ಕೂಡಿಸಿ ಇಂಗ್ಲಿಷಿನಲ್ಲಿ ಬಣ್ಣಗಳ ಹೆಸರು ಕೇಳಿದರು. ಅವಳು ಕೆಂಪು, ಹಸಿರು, ಹಳದಿ ಅಂತ ಸರಿಯಾಗೇ ಹೇಳಿದಳು, ಕನ್ನಡದಲ್ಲಿ. ‘ಸ್ವಲ್ಪ ವೀಕ್ ಇದ್ದಾಳೆ’ ಅಂದರು. ನನ್ನ ಹೆಂಡತಿ ಶಾಂತವಾಗಿ, ‘ಬಣ್ಣ ಗೊತ್ತಲ್ರೀ ಅಕ್ಕೋರ, ಹೆಸರು ನೀವು ಕಲಸ್ರಿ’ ಅಂದಳು.

ಪ್ರವೇಶಕ್ಕಾಗಿ ಮಗುವನ್ನಾಗಲಿ ಪಾಲಕರನ್ನಾಗಲಿ ಪರೀಕ್ಷೆ, ಸಂದರ್ಶನ ಮಾಡಿ ಆರಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಇದನ್ನ ತಡೆಯುತ್ತದೆ. ಮೊದಲ ಸಲ ಮೀರಿದರೆ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೂ 50,000ದ ತನಕ. ಡೊನೇಷನ್ ತಗೊಳ್ಳೋದಕ್ಕೂ ಇದೇ ಕಲಂ ಅಡ್ಡಿ. ಇದೆಲ್ಲ ಜಗಳಕ್ಕೆ ಹೋಗಲಿ ಅಂತ ಹೇಳ್ತಿಲ್ಲ. ‘ನಿಮ್ಮ ಮಗು ವೀಕ್’ ಅನ್ನೋ ಮಾತು ಕೇಳಿ ಮನೆಗೆ ಬಂದು ಮಗುವನ್ನ ಬೈಯಬೇಡಿ ಅಂತ ಹೇಳ್ತಿದ್ದೀನಿ. ಕಲಿಸೋಕೆ ಅಂತಲೇ ಶಾಲೆ ಇರೋದು.

‘ನಮಗೇನ್ ತಿಳಿತೈತ್ರೀ’ ಅನ್ನಬೇಡಿ

ನನ್ನ ಓರಗೆಯ ಒಬ್ಬಳು ಅಕ್ಕ, ನಾಲ್ಕನೇತ್ತಾಕ್ಕೆ ಸಾಲಿ ಬಿಟ್ಟವಳು, ‘ನಾ ಏನ್ ಕೇಳ್ಲೋ ತಮ್ಮಾ ಹೆಡ್ ಮಾಸ್ತರಿಗೆ? ನೀ ಓದಿದಾಂವ, ನೀನ ಹೋಗಿ ನೋಡು’ ಅಂದಳು. ಮೇಲೆ ಬರೆದದ್ದನ್ನ ಮತ್ತೊಮ್ಮೆ ನೋಡಿ. ಚಿಲಕ ಎಟಕುತ್ತಾ, ನೀರು ಬರುತ್ತಾ, ಅಕ್ಕೋರು ಹೆಸರು ಹಿಡಿದು ಕರೀತಾರಾ, ವ್ಯಾನಿನಲ್ಲಿ ಎಷ್ಟು ಮಕ್ಕಳು. ಇದರಲ್ಲಿ ಯಾವುದಕ್ಕೂ ನನ್ನ ಇಂಜಿನಿಯರಿಂಗ್ ಡಿಗ್ರಿ ಉಪಯೋಗಕ್ಕೆ ಬರಲಿಲ್ಲ. ಮಕ್ಕಳನ್ನ ಸಾಕಿದ ಯಾವ ತಾಯಿಗೂ, ಅಜ್ಜಿಗೂ ಇದು ನನಗಿಂತ ಬೇಗ ಕಾಣುತ್ತೆ. ಹೋಗುವಾಗ ಅವರನ್ನೇ ಮುಂದೆ ಮಾಡಿಕೊಂಡು ಹೋಗಿ.

ನಮ್ಮೂರಿನ ಶ್ರಮಬಿಂದು ಸಾಗರ ಬ್ಯಾರೇಜ್ ನೋಡಿದವರಿಗೆ ಇದು ಹೊಸ ಮಾತಲ್ಲ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ್ದು ಅದು. ತಮ್ಮ ದುಡ್ಡು ಅಂತ ಗೊತ್ತಿದ್ದಾಗ ಜನ ತಾವೇ ಮುಂದೆ ನಿಂತು ಕೆಲಸ ನೋಡಿಕೊಳ್ತಾರೆ. ಸಾಲಿಗೂ ನಮ್ಮದೇ ದುಡ್ಡು. ಖಾಸಗಿಗೆ ಫೀ, ಸರ್ಕಾರಿಗೆ ತೆರಿಗೆ. ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ಹೆಚ್ಚಿನ ಸದಸ್ಯರು ಪಾಲಕರೇ ಇರಬೇಕು ಅನ್ನೋದು ನಿಯಮ. ಅದರ ಸಭೆ ಕೊನೆಯ ಸಲ ಯಾವಾಗ ನಡೀತು ಅಂತ ಕೇಳಿ. ಖಾಸಗಿ ಶಾಲೆಯಾದರೆ ಪಾಲಕರ ಸಭೆ ಫೀ ವಿಷಯಕ್ಕಷ್ಟೇನಾ, ಕಲಿಕೆಯ ಮಾತೂ ಆಗುತ್ತಾ ಕೇಳಿ.

ಕೊನೆಗೆ ಮನೆಗೆ ಬಂದ ಮೇಲೆ ಹಾಳೆಯಲ್ಲಿ ಐದು ಸಾಲು ಹಾಕಿ: ಅಕ್ಕೋರು, ಭಾಷೆ, ನೀರು-ಸಂಡಾಸ, ದಾರಿ, ದುಡ್ಡು. ನೋಡಿದ ಪ್ರತಿ ಶಾಲೆಗೂ ಒಂದೊಂದರ ಮುಂದೆ ‘ಚಲೋ’, ‘ನಡೀತೈತಿ’, ‘ಬ್ಯಾಡ’ ಅಂತ ಬರೆಯಿರಿ. ಗಂಡ ಹೆಂಡತಿ ಬೇರೆ ಬೇರೆ ಬರೆದು ಆಮೇಲೆ ಹೋಲಿಸಿ ನೋಡಿ. ಎಲ್ಲದರಲ್ಲೂ ಚಲೋ ಇರುವ ಶಾಲೆ ನಮಗೆ ಸಿಗಲಿಲ್ಲ, ನಿಮಗೂ ಸಿಗಲಿಕ್ಕಿಲ್ಲ. ಅಂಥಲ್ಲಿ ಮೊದಲ ಸಾಲಿಗೆ ಹೆಚ್ಚು ತೂಕ ಕೊಡಿ. ಕಟ್ಟಡ ಹಳೆಯದಾದರೂ, ಸ್ಮಾರ್ಟ್ ಬೋರ್ಡ್ ಇಲ್ಲದಿದ್ದರೂ, ಮಗುವಿನ ಹೆಸರು ಹಿಡಿದು ಕರೆದು ಮತ್ತೆ ಮತ್ತೆ ಹೇಳಿಕೊಡುವ ಅಕ್ಕೋರು ಇರುವ ಕಡೆ ಮಗು ಓದೋದು ಕಲಿಯುತ್ತೆ. ಉಳಿದ ಕೊರತೆಗೆ ನಾವು ಪಾಲಕರು ಕೂಡಿ ಏನಾದರೂ ಮಾಡಬಹುದು.

ಜನವರಿಯಲ್ಲಿ ಇನ್ನೆರಡು ಶಾಲೆ ನೋಡೋದಿದೆ. ನಿಮ್ಮ ಹಾಳೆಯಲ್ಲಿ ಆರನೇ ಸಾಲು ಏನಾದರೂ ಇದ್ದರೆ ನನಗೂ ಬರೆದು ತಿಳಿಸಿ.